ಎಡಗೆನ್ನೆ

ಅನುಸೂಯಮ್ಮ ಅತ್ತಿಗೆಯ ರಟ್ಟೆ ಹಿಡಿದು ಮೂರನೆಯ ಸಲ ಎಳೆದಳು. ಬಸಮ್ಮ ಅಡುಗೆಮನೆಯ ಬಾಗಿಲ ಚೌಕಟ್ಟನ್ನು ಬಿಡಲಿಲ್ಲ.

“ಬನ್ನಿ ಅತ್ತಿಗೆ. ಒಂದೇ ಒಂದು ಫೋಟೋ. ಅಣ್ಣನ ಪಕ್ಕ ಕೂತು ಎದ್ದುಬಿಡಿ, ಅಷ್ಟೆ.”

“ನೀವೆಲ್ಲ ಕೂತ್ಕೊಳಿ. ನಂಗೆ ಬ್ಯಾಡ.”

ನಡುಮನೆಯಲ್ಲಿ ಏಕಾಂತಯ್ಯನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ, ಕೊರಳಲ್ಲಿ ಎಣಿಸಲಾಗದಷ್ಟು ಹಾರ. ಸಮಾಧಿಗೆ ಹೊರಡುವ ಮುಂಚೆ ಮನೆಯವರು ಹೀಗೆ ಕೂತ ದೇಹದ ಅಕ್ಕಪಕ್ಕ ಕೂತು ಫೋಟೋ ತೆಗೆಸಿಕೊಳ್ಳುವುದು ಅವರಲ್ಲಿ ವಾಡಿಕೆ. ಅರಸೀಕೆರೆಯಲ್ಲಿ ಮೂವತ್ತು ವರ್ಷ ಇಂಥ ಫೋಟೋಗಳನ್ನು ಏಕಾಂತಯ್ಯನೇ ತೆಗೆದಿದ್ದ. ಅಳುವವರನ್ನು ಸಾಲಾಗಿ ಕೂರಿಸುವುದರಲ್ಲಿ ಅವನನ್ನು ಬಿಟ್ಟರೆ ಇನ್ನೊಬ್ಬನಿಲ್ಲ ಎಂದು ಹೆಸರು. ಇವತ್ತು ಅವನೇ ಸಾಲಿನ ನಡುವೆ ಕೂತುಬಿಟ್ಟಿದ್ದರಿಂದ ಕ್ಯಾಮೆರಾ ಹಿಡಿಯುವ ಕೆಲಸ ದೇವರಾಜನಿಗೆ ಬಂದಿತ್ತು. ಅವನು ಏಕಾಂತಯ್ಯನ ಹತ್ತಿರವೇ ಕಲಿತು, ಬಸ್ ಸ್ಟ್ಯಾಂಡಿನ ಎದುರು ಬೇರೆ ಸ್ಟುಡಿಯೊ ಇಟ್ಟವನು.

“ಅಕ್ಕ, ಗುರುಗಳಿಗೆ ಇಷ್ಟ ಅಂತ ಕಪ್ಪುಬಿಳುಪಿನ ರೀಲು ಊರೆಲ್ಲ ಹುಡುಕ್ದೆ. ಈಗ ಯಾರೂ ತರ್ಸಲ್ಲ. ಕಲರ್ ಹಾಕ್ಕೊಂಡು ಬಂದಿದೀನಿ. ಬೈಕೊಂಡ್ರೆ ಬೈಕೊಳ್ಲಿ.”

ವಿಧಿ ಮಾಡಿಸಲು ಬಂದಿದ್ದ ಅಯ್ನೋರು ಕೈಗಡಿಯಾರ ನೋಡಿಕೊಂಡರು. ಜಗಲಿಯಲ್ಲಿ ಕೂತಿದ್ದ ಇಬ್ಬರು ನೆರೆಯ ಹೆಂಗಸರು ಪಿಸುಗುಟ್ಟಿಕೊಂಡರು.

“ಪಾಪ, ದುಃಖಕ್ಕೆ ಹೆಜ್ಜೆ ಎತ್ತಕ್ಕೇ ಆಗ್ತಿಲ್ಲ.”

“ದುಃಖ ಅಲ್ಲ ಕಣೇ. ಗಂಡ ಕ್ಯಾಮೆರಾ ತಗೊಂಡ್ರೆ ಸಾಕು, ಈಯಮ್ಮ ಎದ್ದು ಒಳಗೆ ಹೋಗ್ತಿತ್ತು. ಏಳು ವರ್ಷ ಆಯ್ತು.”

ಬಸಮ್ಮನ ಎಡಗೆನ್ನೆಯ ಮೇಲೆ, ಕಿವಿಯಿಂದ ತುಟಿಯ ಅಂಚಿನವರೆಗೆ, ಹುಟ್ಟಿನಿಂದ ಬಂದ ಕೆಂಪು ಮಚ್ಚೆ. ದಾಸವಾಳ ಅರೆದು ಬಳಿದ ಹಾಗೆ. ಈಗಲೂ ಅವಳು ಆ ಕೆನ್ನೆಯನ್ನು ಚೌಕಟ್ಟಿಗೆ ಒತ್ತಿಕೊಂಡು ನಿಂತಿದ್ದಳು.

*

ತೊಂಬತ್ತೊಂದರಲ್ಲಿ, ಮದುವೆಯಾದ ಮೂರನೆಯ ವರ್ಷ, ಏಕಾಂತಯ್ಯ ಹೊಸ ಕಲರ್ ರೀಲು ಹಾಕಿಕೊಂಡು ಅವಳನ್ನು ಹಳೇಬೀಡಿಗೆ ಕರೆದುಕೊಂಡು ಹೋಗಿದ್ದ. ಬೇರೆಯವರು ದೇವಸ್ಥಾನದ ಕಲ್ಲಿನ ಹೆಂಗಸರ ಫೋಟೋ ತೆಗೆಯುತ್ತಿದ್ದರೆ ಇವನು ಕೆರೆ ಏರಿಯ ಮೇಲೆ ಹೆಂಡತಿಯನ್ನು ನಿಲ್ಲಿಸಿಕೊಂಡು ಕಾದ. ‘ಈ ಕಡೆ ತಿರುಗು’ ಎಂದು ಒಂದು ಸಲವೂ ಅನ್ನಲಿಲ್ಲ. ಅವಳ ಅಪ್ಪ ಬಸ್ಸಿನಲ್ಲಿ ಕಂಡಕ್ಟರನ ಹತ್ತಿರ ಜಗಳ ಆಡುವುದನ್ನು ಆಡಿ ತೋರಿಸಿದ. ಅವಳು ನಕ್ಕಳು, ಸೆರಗು ಜಾರಿತು, ಕೆನ್ನೆ ತಿರುಗಿತು. ಆಗ ಒತ್ತಿದ. ದಿನವಿಡೀ ಹಾಗೆಯೇ.

ಮುಂದಿನ ವಾರ ಫೋಟೋ ತರಲು ಹಾಸನದ ಲ್ಯಾಬಿಗೆ ಹೋದವನು ಬರಿಗೈಲಿ ಬಂದ.

“ರೀಲಿಗೆ ಬೆಳಕು ಬಿದ್ದು ಹಾಳಾಗೋಯ್ತು.”

“ಮೂವತ್ತಾರೂ?”

“ಮೂವತ್ತಾರೂ.”

ಆ ತಿಂಗಳೇ ಸ್ಟುಡಿಯೊದಲ್ಲಿ ಒಂದು ಬೋರ್ಡು ತೂಗಿತು: ‘ಮದುವೆ, ನಾಮಕರಣ ಕಲರ್. ಮನೆ ಹೆಂಗಸರ ಫೋಟೋ ಕಪ್ಪುಬಿಳುಪು ಮಾತ್ರ.’ ಅಂಥವನ್ನು ಅವನು ಲ್ಯಾಬಿಗೆ ಕಳಿಸುತ್ತಿರಲಿಲ್ಲ. ಹಿತ್ತಿಲ ಬಚ್ಚಲ ಕಿಟಕಿಗೆ ರಟ್ಟು ಹೊಡೆದು ಕತ್ತಲೆ ಮಾಡಿಕೊಂಡು ತಾನೇ ತೊಳೆಯುತ್ತಿದ್ದ. ಊರಿನವರು ಜಿಪುಣ ಎಂದರು. ಬಸಮ್ಮ ಹಾಗೆ ಅಂದುಕೊಳ್ಳಲಿಲ್ಲ. ಹಂಡೆಗೆ ಉರಿ ಹಾಕುವಾಗ, ಬತ್ತಿ ಹೊಸೆಯುವಾಗ, ನಿದ್ದೆಗಣ್ಣಲ್ಲಿ ಎದ್ದು ಕೂತಾಗ ಅವನು ತೆಗೆದ ಅವಳ ಫೋಟೋಗಳಲ್ಲೆಲ್ಲ ಕೆನ್ನೆಯ ಕೆಂಪು ಬರೀ ನೆರಳಾಗಿತ್ತು. ಬೆಳಕಿನದೇ ಏನೋ ಆಟ ಎಂಬ ಹಾಗೆ. ಹಳೇಬೀಡಿನ ರೀಲು ಹಾಳಾಗಿರಲಿಲ್ಲ. ಬಣ್ಣದಲ್ಲಿ ತನ್ನ ಮುಖ ಹೇಗೆ ಕಾಣುತ್ತದೆಂದು ನೋಡಿ ಇವರು ಬೆದರಿದರು. ಅವಳಿಗೆ ತೋಚಿದ್ದು ಅಷ್ಟೇ.

ಐದು ವರ್ಷ ಅದನ್ನು ಒಳಗೇ ಇಟ್ಟುಕೊಂಡಿದ್ದಳು. ಒಂದು ಶುಕ್ರವಾರ ತಲೆಗೆ ನೀರು ಹಾಕಿಕೊಂಡು ಹಿತ್ತಿಲಲ್ಲಿ ಕೂದಲು ಆರಿಸುತ್ತಿದ್ದಾಗ ಅವನು ಕ್ಯಾಮೆರಾ ಹಿಡಿದು ಬಂದ.

“ಯಾವ ರೀಲು?” ಎಂದಳು.

“ಕಪ್ಪುಬಿಳುಪು. ಇನ್ಯಾವುದು?”

“ಊರ ಮದುವೆ ಹೆಣ್ಣುಗಳಿಗೆಲ್ಲ ಕಲರ್. ನಂಗ್ಯಾಕೆ ಇದು? ನನ್ನ ಕೆನ್ನೆನ ಬಣ್ಣದಲ್ಲಿ ನೋಡಕ್ಕೆ ನಿಮಗಾಗಲ್ಲ. ಹೇಳ್ಬಿಡಿ.”

ಏಕಾಂತಯ್ಯ ಬಾಯಿ ತೆರೆದ. ಏನೋ ಹೇಳಲಿದ್ದ. ಆಮೇಲೆ ಲೆನ್ಸಿನ ಮುಚ್ಚಳ ಹಾಕಿ ಒಳಗೆ ಹೋದ. ಹೌದು ಎನ್ನಲು ಬಾಯಿ ಬರಲಿಲ್ಲ ಎಂದು ಬಸಮ್ಮ ತಿಳಿದಳು. ಅಲ್ಲಿಂದ ಮುಂದೆ ಅವನು ಕ್ಯಾಮೆರಾ ಎತ್ತಿದರೆ ಅವಳು ಎದ್ದು ಹೋಗುತ್ತಿದ್ದಳು. ಕೊನೆಗೆ ಅವನು ಎತ್ತುವುದನ್ನೇ ಬಿಟ್ಟ.

*

ಹಾಸನದ ಬಸ್ಸಿಳಿದು ಬಂದ ಕಲ್ಲೇಶಪ್ಪ ಹಾರ ಹಾಕಿ, ಕೈಮುಗಿದು, ಕಣ್ಣೊರೆಸಿಕೊಂಡು ಕೂತ. ಅವನು ಅಲ್ಲಿನ ಕಲರ್ ಲ್ಯಾಬಿನಲ್ಲಿ ಕೆಲಸಕ್ಕಿದ್ದವನು. ಯಾರ ದನಿಯನ್ನಾದರೂ ಹಾಗ್ಹಾಗೇ ಆಡಿ ತೋರಿಸುತ್ತಾನೆಂದು ಏಕಾಂತಯ್ಯನಿಗೆ ಅವನನ್ನು ಕಂಡರೆ ಪ್ರೀತಿ. ಎಲ್ಲರೂ ಸುಮ್ಮನೆ ಕೂತಿರುವುದನ್ನು ನೋಡಿ ಕೇಳಿದ, “ಯಾಕೆ ತಡ?”

ಅನುಸೂಯಮ್ಮನಿಗೆ ತಾಳ್ಮೆ ಮುಗಿದಿತ್ತು. “ನಮ್ಮತ್ತಿಗೆ ಬರ್ತಿಲ್ಲ ಕಣ್ರೀ. ಇವರ ಮಚ್ಚೆ ಅಣ್ಣಂಗೆ ಆಗ್ತಿರಲಿಲ್ವಂತೆ. ಅದಕ್ಕೇ ಬರೀ ಕಪ್ಪುಬಿಳುಪು ತೆಗೀತಿದ್ನಂತೆ. ಈಗ ಕಲರಲ್ಲಿ ಪಕ್ಕ ಕೂರಲ್ವಂತೆ. ಸತ್ತೋನ ಮೇಲೆ ಎಂಥ ಮುನಿಸು?”

ಕಲ್ಲೇಶಪ್ಪನ ಮುಖ ಬಿಳಚಿಕೊಂಡಿತು. ಎದ್ದು ಅಡುಗೆಮನೆಯ ಬಾಗಿಲಿಗೆ ಬಂದ.

“ಅಮ್ಮ, ಹಳೇಬೀಡಿನ ರೀಲಿಗೆ ಬೆಳಕು ಬಿದ್ದಿರಲಿಲ್ಲ. ನನ್ನ ಕೈ ಬಿದ್ದಿತ್ತು.”

ಬಸಮ್ಮ ಅವನನ್ನು ನೋಡಿದಳು.

“ನಾನು ಟಚಿಂಗ್ ಮಾಡೋನು. ಫೋಟೋ ಮೇಲೆ ಗೀರು, ಮೊಡವೆ ಏನಿದ್ರೂ ಬಣ್ಣ ಹಚ್ಚಿ ಮುಚ್ಚೋದು ನನ್ನ ಕೆಲಸ. ಲ್ಯಾಬಲ್ಲಿ ನಾಲ್ಕು ಜನ ನಿಮ್ಮ ಫೋಟೋ ನೋಡಿ, ಯಾರೋ ಕುಂಕುಮ ಚೆಲ್ಕೊಂಡವ್ರೆ ಅಂತ ನಕ್ರು. ನಂಗೆ ಕೆಟ್ಟದನ್ನಿಸ್ತು. ಏಕಾಂತಯ್ನೋರ ಮನೆಯವ್ರು, ಚೆನ್ನಾಗಿ ಕಾಣಲಿ ಅಂತ ಒಂದು ದಿನ ಪೂರ್ತಿ ಕೂತು ಅಷ್ಟರಲ್ಲೂ ಮುಚ್ಚಿದೆ. ಉಪಕಾರ ಅಂದ್ಕೊಂಡಿದ್ದೆ. ಅವರು ಬಂದ್ರು, ಒಂದೊಂದಾಗಿ ನೋಡಿದ್ರು. ಬೈಲಿಲ್ಲ. ಮೊದಲು ಇಷ್ಟೇ ಅಂದಿದ್ದು.”

ಕಲ್ಲೇಶಪ್ಪ ಗಂಟಲು ಸರಿಮಾಡಿಕೊಂಡ. ಬಂದದ್ದು ಅವನ ದನಿಯಲ್ಲ. ಮೂಗಿನಿಂದ ಎಳೆದು, ಮಾತಿನ ಕೊನೆಯನ್ನು ಮೆಲ್ಲಗೆ ಇಳಿಸುವ ದನಿ.

“ಕಲ್ಲೇಶಪ್ಪಾ, ನೀನು ಒರೆಸಿರೋದು ಕಲೆ ಅಲ್ಲ ಕಣಯ್ಯಾ. ನನ್ನ ಹೆಂಡ್ತೀನ.”

ಅನುಸೂಯಮ್ಮ ಬೆಚ್ಚಿ ಗೋಡೆಗೆ ಒರಗಿದ್ದ ಅಣ್ಣನ ಕಡೆ ತಿರುಗಿದಳು.

“ಬೇರೆ ಪ್ರಿಂಟ್ ಹಾಕ್ಕೊಡ್ತೀನಿ ಅಂದೆ,” ಕಲ್ಲೇಶಪ್ಪ ತನ್ನ ದನಿಗೆ ಮರಳಿದ. “ಯಾಕೆ ಮುಚ್ಚಿದೆ ಅಂತಾನೂ ಹೇಳ್ದೆ. ಲ್ಯಾಬಿನೋರು ನಕ್ಕಿದ್ದು ಸಾಕು ಅಂತ ಫೋಟೋ, ನೆಗೆಟಿವ್ ಎಲ್ಲಾನೂ ಅಲ್ಲೇ ಕತ್ತರಿಸಿ ಹಾಕಿದ್ರು. ಕಪ್ಪುಬಿಳುಪಾದ್ರೆ ಮನೇಲೇ ತೊಳೀಬಹುದು, ಯಾರ ಕಣ್ಣೂ ಬೀಳಲ್ಲ, ಯಾರ ಕುಂಚಾನೂ ಬೀಳಲ್ಲ ಅಂದ್ರು. ಆಮೇಲೆ ನಂಗೆ ಇದನ್ನ ಕಳಿಸಿದ್ರು.”

ಜೇಬಿನಿಂದ ಒಂದು ಹಳೆಯ ಫೋಟೋ ತೆಗೆದ. ಕೋಟು ಹಾಕಿ, ಮೀಸೆ ತಿರುವಿ ಕೂತ ಕಲ್ಲೇಶಪ್ಪ. ಮೂಗಿಲ್ಲ. ಮೂಗಿರಬೇಕಾದ ಜಾಗವನ್ನು ಬಹಳ ನಾಜೂಕಾಗಿ ಬಣ್ಣ ಹಚ್ಚಿ ನುಣ್ಣಗೆ ಮಾಡಲಾಗಿತ್ತು. ಹಿಂದುಗಡೆ ಏಕಾಂತಯ್ಯನ ಅಕ್ಷರ: ‘ಒಂದು ಕಲೆ ಇತ್ತು, ಮುಚ್ಚಿದ್ದೇನೆ.’

ಫೋಟೋ ಕೈಯಿಂದ ಕೈಗೆ ಹೋಯಿತು. ಜಗಲಿಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಅಯ್ನೋರು ಕೆಮ್ಮಿದಂತೆ ಮಾಡಿದರು. ಎಲ್ಲರಿಗಿಂತ ಜೋರಾಗಿ ನಕ್ಕವನು ಕಲ್ಲೇಶಪ್ಪನೇ. ನಗುತ್ತ ನಗುತ್ತ ಹೊಸ್ತಿಲ ಬಳಿ ಕುಸಿದು ಕೂತು ಮೊಳಕಾಲಿಗೆ ಮುಖ ಒತ್ತಿಕೊಂಡ.

ಬಸಮ್ಮ ನಗಲಿಲ್ಲ. “ನಂಗ್ಯಾಕೆ ಹೇಳಲಿಲ್ಲ ಅವರು?”

“ಯಾರೋ ನಕ್ರು, ಯಾರೋ ಒರೆಸಿದ್ರು ಅಂತ ಗೊತ್ತಾದ್ರೆ ನೀವು ನೊಂದ್ಕೊತೀರ ಅಂತ. ಯಾವತ್ತಾದ್ರೂ ನಾನೇ ಹೇಳ್ತೀನಿ, ನೀನು ಬಾಯಿ ಬಿಡಬೇಡ ಅಂದಿದ್ರು.”

“ಯಾವತ್ತಾದ್ರೂ,” ಎಂದಳು ಬಸಮ್ಮ. ಹಿತ್ತಿಲಲ್ಲಿ ಆ ಬಾಯಿ ತೆರೆದು ಮುಚ್ಚಿಕೊಂಡದ್ದನ್ನು ಅವಳು ಏಳು ವರ್ಷ ಬೇರೆಯೇ ಓದಿಕೊಂಡಿದ್ದಳು. ಚೌಕಟ್ಟು ಬಿಟ್ಟು ನಡುಮನೆಗೆ ಬಂದಳು.

“ದೇವರಾಜಪ್ಪ, ಯಾವ ಲ್ಯಾಬಿಗೆ ಕೊಡ್ತೀಯ ಇದನ್ನ?”

ದೇವರಾಜ ಹೊಸ್ತಿಲ ಕಡೆ ನೋಡಿದ. “ಇವರದ್ದಕ್ಕೇ ಅಕ್ಕ.”

“ಕಲ್ಲೇಶಪ್ಪಾರೆ, ಈ ಸಲ ಕೈ ಬೀಳದಂಗೆ ನೋಡ್ಕೊಳಿ.”

ಅವಳು ಗಂಡನ ಎಡಕ್ಕೆ, ಹೆಂಡತಿ ಕೂರುವ ಜಾಗದಲ್ಲಿ ಕೂತಳು. ಕೂತ ಕೂಡಲೇ ಕುತ್ತಿಗೆ ತನ್ನಷ್ಟಕ್ಕೆ ಎಡಕ್ಕೆ, ಅವನಿಂದಾಚೆಗೆ ಹೊರಳಿತು, ಮಚ್ಚೆ ಮರೆಯಾಯಿತು. ಅನುಸೂಯಮ್ಮ ಒಳ್ಳೆಯ ಮನಸ್ಸಿನಿಂದ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದಳು. ಬಸಮ್ಮ ಅದನ್ನು ಕಿವಿಯ ಹಿಂದಕ್ಕೆ ಸರಿಸಿದಳು.

ದೇವರಾಜ ‘ಈ ಕಡೆ ತಿರುಗಿ’ ಎನ್ನಲಿಲ್ಲ. ಕಾದ.

ಎಡಗೆನ್ನೆ ಕ್ಯಾಮೆರಾಕ್ಕೆ ಕಾಣಬೇಕೆಂದರೆ ಅವಳು ಬಲಕ್ಕೆ, ಗಂಡನ ಕಡೆಗೆ ತಿರುಗಬೇಕಿತ್ತು. ತಿರುಗಿದಳು. ಕ್ಯಾಮೆರಾದ ಕಿಂಡಿಯಲ್ಲಿ ದೇವರಾಜನಿಗೆ ವಿಭೂತಿಯ ಬಿಳಿ ಹಣೆಯೂ ಅದರ ಪಕ್ಕದಲ್ಲೇ ಒದ್ದೆಯಾದ ಕೆಂಪು ಕೆನ್ನೆಯೂ ಕಂಡವು. ಅವಳು ಅವನ ಮುಚ್ಚಿದ ಕಣ್ಣುಗಳನ್ನು ನೋಡುತ್ತಿದ್ದಳು. ಮಿಕ್ಕವರೆಲ್ಲ ಉಸಿರು ಬಿಗಿಹಿಡಿದು ಕ್ಯಾಮೆರಾ ನೋಡುತ್ತಿದ್ದರು.