ಹಿಮ ಕರಗುವವರೆಗಿನ ಬಾಡಿಗೆ

ಚಿಕಾಗೊ ದುಬಾರಿಯೋ ಹ್ಯೂಸ್ಟನ್ ದುಬಾರಿಯೋ ಎಂಬ ಜಗಳ ವರ್ಲೀನ್ ಮತ್ತು ಅವಳ ತಂಗಿ ಓಜೆಲ್ಲಾ ನಡುವೆ ಮೂರು ವರ್ಷದಿಂದ ನಡೆದಿತ್ತು. ಪ್ರತಿ ಭಾನುವಾರ ಚರ್ಚ್ ಮುಗಿಸಿ ಬಂದು, ಕೋಟು ಕಳಚುವ ಮೊದಲೇ ಫೋನು. ಅಕ್ಕ ತಾನಿರುವ ಚಿಕಾಗೊ ಪರ ವಾದಿಸುವಳು, ತಂಗಿ ತಾನಿರುವ ಹ್ಯೂಸ್ಟನ್ ಪರ. ಇಬ್ಬರೂ ಒಂಟಿ. ಇಬ್ಬರಿಗೂ ಬೇಕಾಗಿದ್ದದ್ದು ಒಟ್ಟಿಗೆ ಕೂತು ಉಣ್ಣುವುದು. ಅದನ್ನು ಬಾಯಿಬಿಟ್ಟು ಹೇಳಲಾರದೆ ಮೊಟ್ಟೆಯ ಬೆಲೆ ಹೇಳುತ್ತಿದ್ದರು.

ಈ ಭಾನುವಾರ ಮಾತು ಬಿಗಿಯಾಗಿತ್ತು. ವರ್ಲೀನ್ ಮನೆಯ ಬಾಡಿಗೆ ಏರಿತ್ತು. ಇನ್ನೊಂದು ವರ್ಷ ಇರುತ್ತಾಳೋ ಇಲ್ಲವೋ ಎಂದು ನಾಳೆ ಸಂಜೆಯೊಳಗೆ ಮಾಲೀಕನಿಗೆ ಹೇಳಬೇಕಿತ್ತು.

“ಇಲ್ಲಿ ಅದರ ಮುಕ್ಕಾಲು ದುಡ್ಡಿಗೆ ಎರಡು ಕೋಣೆ ಮನೆ ಸಿಗತ್ತೆ ಅಕ್ಕಾ. ಸಂಬಳದ ಮೇಲೆ ರಾಜ್ಯದ ತೆರಿಗೆ ಇಲ್ಲ. ಮನೆ ಬೆಚ್ಚಗೆ ಮಾಡೋ ಖರ್ಚಂತೂ ಇಲ್ವೇ ಇಲ್ಲ.”

“ತಣ್ಣಗೆ ಮಾಡೋ ಖರ್ಚು ನಿಮ್ಮಪ್ಪ ಕೊಡ್ತಾನಾ?”

“ನಮ್ಮಪ್ಪ ನಿನಗೂ ಅಪ್ಪನೇ.”

“ಹಾಲು ತರೋಕೂ ಕಾರು ಬೇಕು ನಿಮ್ಮೂರಲ್ಲಿ. ನನಗಿಲ್ಲಿ ಬಸ್ಸಿದೆ. ದೂರದ ಬೆಟ್ಟ ನುಣ್ಣಗೆ ಕಣೆ.”

“ಹ್ಯೂಸ್ಟನ್ನಲ್ಲಿ ಬೆಟ್ಟ ಎಲ್ಲಿದೆ, ತೋರ್ಸು.” ಓಜೆಲ್ಲಾ ಮಾತು ಬದಲಿಸಿದಳು. “ಲೆಕ್ಕ ಸಾಕು ಅಕ್ಕಾ. ಒಬ್ಬಳೇ ಉಂಡು ಉಂಡು ಬೇಜಾರಾಗಿದೆ ನನಗೆ. ಅಲ್ಲಿ ನಿನ್ನ ಹಿಡ್ಕೊಂಡಿರೋದು ಏನು, ಅದನ್ನ ಹೇಳು.”

ವರ್ಲೀನ್ ಕಿಟಕಿಯಿಂದ ಕೆಳಗೆ ನೋಡಿದಳು. ಆ ಊರಲ್ಲಿ ಬೀದಿಯ ಹಿಮ ಅಗೆದು ಕಾರಿಗೆ ಜಾಗ ಮಾಡಿಕೊಂಡವರು ಅಲ್ಲೊಂದು ಹಳೇ ಕುರ್ಚಿ ಇಡುತ್ತಾರೆ. ಹಿಮ ಕರಗುವವರೆಗೆ ಆ ಜಾಗ ಅವರದು. ಯಾವ ಕಾಗದದಲ್ಲೂ ಬರೆಯದ ಕಾನೂನು, ಆದರೆ ಮುರಿದವನ ಟೈರಿನಲ್ಲಿ ಗಾಳಿ ಉಳಿಯುವುದಿಲ್ಲ. ಗಂಡ ಥರ್ಮನ್ ಮೂವತ್ತು ಚಳಿಗಾಲ ಅಗೆದಿದ್ದ ಜಾಗವನ್ನು ಅವನು ಸತ್ತ ಮೇಲೆ ಅವಳು ಅಗೆದು ಕುರ್ಚಿ ಇಡುತ್ತಿದ್ದಳು. ಕಾರನ್ನು ಎಂದೋ ಮಾರಿಯಾಗಿತ್ತು. ಅದು ಬೀದಿಗೆಲ್ಲ ಗೊತ್ತು. ಆದರೂ ಜಾಗ ಸಿಗದೆ ಹತ್ತು ಸುತ್ತು ಹೊಡೆಯುವವರು ಕೂಡ ಆ ಕುರ್ಚಿಯನ್ನು ಮುಟ್ಟಿರಲಿಲ್ಲ.

“ಥರ್ಮನ್‌ಗೆ ಜಾಗ ಹಿಡಿದಿಟ್ಟಿದೀನಿ,” ಎಂದಳು. “ಕಾರೂ ಇಲ್ಲ, ಅವನೂ ಇಲ್ಲ. ಬೇಕಾದ್ರೆ ನಗು.”

ಓಜೆಲ್ಲಾ ನಗಲಿಲ್ಲ. ಮೆಲ್ಲಗೆ ಕೇಳಿದಳು: “ಹಿಮ ಕರಗಿದ ಮೇಲೆ ಕುರ್ಚಿ ಒಳಗೆ ತರಬೇಕು ತಾನೇ? ಅದೂ ನಿಮ್ಮ ಕಾನೂನೇ ಅಲ್ವಾ?”

“ಹೂಂ.”

“ಹಾಗಾದ್ರೆ ಕರಗಿದ ಮೇಲೆ ಬಾ.”

ಮರುದಿನ ವರ್ಲೀನ್ ವರ್ಷದ ಕರಾರು ಬೇಡವೆಂದು, ಏಪ್ರಿಲ್ ಕೊನೆಯವರೆಗಿನ ಕರಾರಿಗೆ ಸಹಿ ಹಾಕಿದಳು. ಅದಕ್ಕೆ ತಿಂಗಳಿಗೆ ತೊಂಬತ್ತು ಡಾಲರ್ ಹೆಚ್ಚು, ಆದರೂ ಚೌಕಾಸಿ ಮಾಡಲಿಲ್ಲ. ತಂಗಿಯ ಪಕ್ಕದಲ್ಲಿ ಕೂತು ಉಣ್ಣಲು ಜೀವ ಹಾತೊರೆಯುತ್ತಿತ್ತು. ಹಾಗಿದ್ದೂ, ಹಿಮವನ್ನು ಶಪಿಸುತ್ತಲೇ ಅರವತ್ತನಾಲ್ಕು ವರ್ಷ ಕಳೆದವಳು, ಈ ಸಲ ಅದು ಬೇಗ ಕರಗದಿರಲಿ ಎಂದು ದೇವರನ್ನು ಬೇಡಿಕೊಂಡಳು.