ಜ್ವರ ಇಳಿದ ದಿನ

ಸಾಲಿಗ್ರಾಮದ ಚಂದಯ್ಯ ಶೆಟ್ಟರು ಮೂರು ವರ್ಷ ಬಾಗಿಲು ಹಾಕಿದ್ದ ಭತ್ತದ ಕೋಣೆಯನ್ನು ಹೋಮ್‌ಸ್ಟೇ ಮಾಡಲು ಹೊರಟರು. ಮೂಗಿಗೊಂದು ಬಟ್ಟೆ ಕಟ್ಟಿಕೊಳ್ಳಿ ಎಂದಳು ಹೆಂಡತಿ ಉಮಾವತಿ. ದಿನಾ ಕಷಾಯ ಕುಡಿಯುವ ಮೈಗೆ ಬಟ್ಟೆ ಯಾಕಂತೆ! ಅಷ್ಟೂ ಇಲಿ ಹಿಕ್ಕೆಯನ್ನು ಧೂಳೆಬ್ಬಿಸಿ ತಾವೇ ಗುಡಿಸಿದರು. ಮೂರನೇ ವಾರಕ್ಕೆ ಜ್ವರ ಬಂತು, ಜೊತೆಗೆ ಸೊಂಟ ಮುರಿದು ಬೀಳುವಂಥ ನೋವು.

ನಮ್ಮ ಕಡೆ ಇಂಥ ಜ್ವರಕ್ಕೆ ಡಾಕ್ಟರಿಗಿಂತ ಮೊದಲು ನೆರೆಮನೆಯವರೇ ‘ಇಲಿ ಜ್ವರ’ ಎಂದು ತೀರ್ಪು ಕೊಟ್ಟಾಗಿರುತ್ತದೆ. ಆಸ್ಪತ್ರೆಗೆ ಸೇರಿಸಿದ ಮೇಲೆ ರಕ್ತ ಪರೀಕ್ಷೆಯಲ್ಲಿ ಇಲಿ ಜ್ವರ ಅಲ್ಲವೆಂದು ಬಂದದ್ದೇ ತಡ, ಉಮಾವತಿ ಆನೆಗುಡ್ಡೆ ದೇವಸ್ಥಾನಕ್ಕೆ ಹೋಗಿ ಪಂಚಕಜ್ಜಾಯ ಮಾಡಿಸಿ ಬಂದಳು. ಇಲಿಯ ಹತ್ತಿರ ಇರುವುದು ಒಂದೇ ಕಾಯಿಲೆ ಎಂದು ಇವರಿಗೆಲ್ಲ ಯಾರು ಹೇಳಿದ್ದೋ ಕಾಣೆ.

ಐದನೇ ದಿನ ಜ್ವರವೂ ಇಳಿಯಿತು. ಶೆಟ್ಟರು ಹಾಸಿಗೆಯಲ್ಲಿ ಎದ್ದು ಕೂತರು.

“ಕಂಡ್ಯಾ? ಕಷಾಯದ್ ಮೈ ಇದ್. ಮನಿಗ್ ಹೋಪ, ಸೈನ್ ಹಾಕ್.”

ಇನ್ನೊಂದು ಪರೀಕ್ಷೆಯ ವರದಿ ಬರಬೇಕು, ಈಗ ಹೋಗಬೇಡಿ ಎಂದರು ಡಾಕ್ಟರ್ ವಿನಯಾ. ಶೆಟ್ಟರು ಕೇಳುವ ಜನವೇ? ಸ್ವಂತ ಜವಾಬ್ದಾರಿಯ ಮೇಲೆ ಕರೆದೊಯ್ಯುತ್ತೇವೆ ಎನ್ನುವ ಕಾಗದ ಬಂತು. ಮೂವತ್ತು ವರ್ಷ ಗಂಡ ತೋರಿಸಿದಲ್ಲೆಲ್ಲ ಸೈನ್ ಹಾಕಿದವಳು ಉಮಾವತಿ. ಪೆನ್ನು ಹಿಡಿದವಳು ಯಾಕೋ ತಡೆದು ಗಂಡನ ಕಡೆ ತಿರುಗಿದಳು.

“ಹ್ವಾಯ್, ನಿನ್ನೆಯಿಂದ ನೀವ್ ಒಂದ್ಕ್ ಹೋಯ್ಲಿಲ್ಲೆ.”

“ಎಂತ ಆತಿಲ್ಲೆ. ಹಾಕ್.”

“ನಾ ಹಾಕುದಿಲ್ಲೆ,” ಎಂದು ಪೆನ್ನು ಕೆಳಗಿಟ್ಟಳು.

ಅದೇ ಸಂಜೆ ಅವರ ಬಿಪಿ ಪಾತಾಳಕ್ಕಿಳಿಯಿತು. ಐಸಿಯುವಿಗೆ ಹಾಕಿದರು, ಡಯಾಲಿಸಿಸ್ ಶುರುವಾಯಿತು. ಹಿಂದೆಯೇ ವರದಿಯೂ ಬಂತು.

“ಹಂಟಾ ವೈರಸ್, ಅಮ್ಮ. ಇಲಿಯಿಂದಲೇ ಬಂದದ್ದು,” ಎಂದರು ವಿನಯಾ. “ಅದು ರಕ್ತನಾಳದೊಳಗೆ ಸುಮ್ಮನೆ ಹೊಕ್ಕು ಕೂರುತ್ತದೆ, ತಾನಾಗಿ ಅಷ್ಟೇನೂ ಹಾಳು ಮಾಡುವುದಿಲ್ಲ. ಅದನ್ನು ಓಡಿಸಲು ಬಂದ ಇವರದ್ದೇ ಬಿಳಿ ರಕ್ತಕಣಗಳು ಅತಿ ಮಾಡಿದವು. ನಾಳಗಳು ಸೋರಿದವು, ಕಿಡ್ನಿ ನಿಂತಿತು.”

ಡಾಕ್ಟರಿಗೆ ಹೆಚ್ಚು ಬಿಡಿಸಿ ಹೇಳುವ ಕೆಲಸ ಬೀಳಲಿಲ್ಲ. ಬೇರೆಯವರ ಜಗಳ ಬಿಡಿಸಲು ಹೋಗಿ ಎರಡೂ ಮನೆಗಳ ಮಾತುಕತೆ ನಿಲ್ಲಿಸಿ ಬರುವ ಗಂಡನ ಜೊತೆ ಬಾಳಿದವಳಿಗೆ ಇದು ಥಟ್ಟನೆ ಅರ್ಥವಾಯಿತು. ಆದರೂ ಆ ಮನುಷ್ಯ ಬೇಕಿತ್ತು ಅವಳಿಗೆ. ಐಸಿಯು ಬಾಗಿಲಲ್ಲಿ ಹನ್ನೊಂದು ದಿನ ಹೆದರಿಕೊಂಡೇ ಕೂತಳು.

ಶೆಟ್ಟರು ಬದುಕಿದರು. ಮನೆಗೆ ಬಂದ ವಾರದಲ್ಲೇ ನೋಡಲು ಬಂದವರಿಗೆ ಭಾಷಣ ಶುರು.

“ವೈರಸ್ಸಿಗೆ ಎಂತ ಮಾಡುಕೂ ಆಯ್ಲಿಲ್ಲೆ. ನನ್ನ ಬೀಳ್ಸುಕೆ ನಾನೇ ಬೇಕಾಯ್ತ್.”

“ಮತ್ತೆ ಉಳ್ಸಿದ್ದ್ ಯಾರ್?” ಎಂದಳು ನೆರೆಮನೆಯ ಚಂದ್ರಮತಿ.

“ಅದೂ ನಾನೇ. ಜ್ವರ ಇಳ್ದ್ ದಿನ ಇವ್ಳ್ ಮನಿಗ್ ಹೋಪ ಅಂದ್ಳ್. ಬತ್ತಿಲ್ಲೆ ಅಂದೇಳಿ ಹಟ ಹಿಡ್ದದ್ದ್ ನಾನ್.”

ಚಹಾ ತಂದಿದ್ದ ಉಮಾವತಿ ಗಂಡನ ಮುಖವನ್ನೇ ನೋಡಿದಳು. ಇಷ್ಟು ದೊಡ್ಡ ಸುಳ್ಳನ್ನು ಒಂದೇ ಉಸಿರಿನಲ್ಲಿ ಹೇಳಿದ್ದರು. ಅಷ್ಟು ಉಸಿರು ಬಂದಿದೆಯಲ್ಲ, ಅವಳಿಗೆ ಅದೇ ಸಾಕಾಗಿತ್ತು.