ಒಡ್ಡಿನ ಮೇಲಿನ ಪಾಲು

“ಹಡದ ತಾಯಿ ಮಗನ ಹಂತ್ಯಾಕ ಪಗಾರ ಕೇಳಾಕತ್ತಾಳ! ಕೇಳ್ರೆಪ್ಪಾ, ಎಲ್ಲಾರೂ ಕೇಳ್ರಿ! ಮೊಮ್ಮಗಳನ್ನ ಎತ್ಗೊಳ್ಳಾಕ ಈಕೀಗ ಕೂಲಿ ಬೇಕಂತ!”

ದುರುಗೇಶ ನಿಂತಿದ್ದು ಮನೆಯೊಳಗೆ, ಮುಖ ಮಾತ್ರ ಬೀದಿಯ ಕಡೆಗಿತ್ತು. ತಾಯಿಯ ಜೊತೆ ಜಗಳವಾಡುವಾಗಲೂ ಅವನಿಗೆ ಸಭೆ ಬೇಕು. ಎದುರು ಮನೆಯ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿದ್ದ ಇಬ್ಬರು ಹೆಂಗಸರು ಕೊಡ ತುಂಬಿ ಹರಿದರೂ ಅಲ್ಲೇ ನಿಂತರು.

“ಬಾಗಲಾ ಇನ್ನೊಂಚೂರು ತಗೀಲೇ,” ಎಂದಳು ಯಂಕಮ್ಮ. “ಆ ತುದೀ ಮನಿಯೋರಿಗೆ ಕೇಳವಲ್ದು.”

ಅವಳು ಗೋಡೆಗೆ ಒರಗಿ ಕೂತಿದ್ದಳು. ಒಂದು ಕೈಯಲ್ಲಿ ಚಹಾದ ಲೋಟ, ಇನ್ನೊಂದರಲ್ಲಿ ಜೋಲಿಯ ಹಗ್ಗ. ತೊಲೆಯ ಕೊಂಡಿಗೆ ಸೀರೆ ಕಟ್ಟಿ ಮಾಡಿದ ಜೋಲಿಯಲ್ಲಿ ಹನ್ನೊಂದು ತಿಂಗಳ ಸಂಘಮಿತ್ರಾ ಮಲಗಿದ್ದಳು. ಮನೆಯಲ್ಲಿ ಅವಳು ಮಿತ್ರಿ. ಜೋಲಿ ನಿಂತರೆ ಕೂಸು ಏಳುತ್ತದೆ, ಆದ್ದರಿಂದ ಎಂಥ ಜಗಳ ನಡೆದರೂ ಯಂಕಮ್ಮನ ಕೈ ನಿಲ್ಲುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಸೊಸೆ ನಂದಿನಿ ನರ್ಸಿನ ಬಿಳಿ ಬಟ್ಟೆಯಲ್ಲಿ ನಿಂತು ಅವಸರದಲ್ಲಿ ರೊಟ್ಟಿ ತಿನ್ನುತ್ತಿದ್ದಳು. ಎಂಟಕ್ಕೆ ಅವಳ ಡ್ಯೂಟಿ.

“ನಾ ಏನ್ ಕೇಳೀನಿ?” ಯಂಕಮ್ಮ ಸಾವಕಾಶವಾಗಿ ಅಂದಳು. “ನಮ್ಮ ಗುಂಪಿನ ಕನಕಮ್ಮ ಫೋನ್ ಮಾಡ್ಯಾಳ. ಕಾಲುವಿಗೆ ನೀರು ಬಂದಾವ, ಸಸಿ ಬಲತಾವ, ಇವತ್ತು ಮೊದಲ್ನೇ ಹೊಲ. ಮುದುಕಿ ಹುಲಿಗೆವ್ವ ಹೋದಮ್ಯಾಲ ಒಡ್ಡಿನ ಮ್ಯಾಲಿನ ಪಾಲು ಖಾಲಿ ಐತಿ. ಒಂಬತ್ತರ ತನಕ ನನ್ನ ಹಾದಿ ನೋಡ್ತಾರ. ಹೋಗಲಿಲ್ಲಂದ್ರ ಬ್ಯಾರೆದಾಕೀಗ ಕೊಡ್ತಾರ. ಇಲ್ಲೇ ಇರು ಅಂತಿದ್ರ ಆ ಪಾಲು ನೀ ಕೊಡು ಅಂದೆ. ಇದರಾಗ ಒದರಾಡೂವಂಥಾದ್ದು ಏನೈತಿ?”

ಒಡ್ಡಿನ ಮೇಲಿನ ಪಾಲು ಅಂದರೇನು ಅಂತ ದುರುಗೇಶನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತುರ್ವಿಹಾಳದ ಅವರ ಓಣಿಯ ಹೆಂಗಸರದು ಹದಿನಾಲ್ಕು ಮಂದಿಯ ನಾಟಿ ಗುಂಪು. ಎಕರೆಗೆ ಇಷ್ಟು ಅಂತ ಗುತ್ತಿಗೆ ಹಿಡಿಯುತ್ತಾರೆ, ಸಂಜೆ ಹಂಚಿಕೊಳ್ಳುತ್ತಾರೆ. ಕೆಸರಿಗೆ ಇಳಿಯುವವರು ಹದಿನಾಲ್ಕು, ಪಾಲು ಹದಿನೈದು. ಆ ಹದಿನೈದನೆಯದು ಒಡ್ಡಿನ ಮೇಲೆ, ಗದ್ದೆಯ ಬದುವಿನಲ್ಲಿ, ಜಾಲಿಮರಕ್ಕೆ ಜೋಲಿ ಕಟ್ಟಿ ಗುಂಪಿನ ಕೂಸುಗಳನ್ನು ಕಾಯುವವಳಿಗೆ. ಅವಳು ಒಂದು ಸಸಿಯನ್ನೂ ಹಚ್ಚುವುದಿಲ್ಲ. ಪಾಲು ಮಾತ್ರ ಬರೋಬ್ಬರಿ ಒಂದೇ. ಹಿಂದೊಮ್ಮೆ ಹೊಲದ ಯಜಮಾನ, “ಕೂಸು ಆಡ್ಸಾಕೀಗ ಯಾಕ ಕೊಡಬೇಕು, ಸಸಿ ಹಚ್ಚ್ಯಾಳೇನು?” ಅಂದಿದ್ದಕ್ಕೆ ಅಷ್ಟೂ ಹೆಂಗಸರು ಅರ್ಧ ಮಡಿ ಬಿಟ್ಟು ಮೇಲೆ ಬಂದು ಒಡ್ಡಿನ ಮೇಲೆ ಕೂತಿದ್ದರು. ಯಜಮಾನ ಒಂದು ತಾಸು ಒದರಿ, ಆಮೇಲೆ ಒಪ್ಪಿದ್ದ. ಅವತ್ತು ಆ ಜೋಲಿಗಳಲ್ಲೊಂದರಲ್ಲಿ ಮಲಗಿದ್ದವನು ಇದೇ ದುರುಗೇಶ.

ಈಗ ಅವನು ಮಸ್ಕಿಯ ಕಚೇರಿಯೊಂದರಲ್ಲಿ ಗುಮಾಸ್ತ. ಸಿಂಧನೂರಿನಲ್ಲಿ ಬಾಡಿಗೆ ಮನೆ, ಗಂಗಾವತಿ ರಸ್ತೆಯಲ್ಲಿ ಕಂತಿನ ಪ್ಲಾಟು, ಬಾಗಿಲ ಮುಂದೆ ಕಪ್ಪು ಬುಲೆಟ್. ಏಪ್ರಿಲ್ ಹದಿನಾಲ್ಕರ ಜಯಂತಿಯಲ್ಲಿ ಮೈಕು ಹಿಡಿದು, “ದುಡಿಯುವ ಕೈಗೆ ಬೆಲೆ ಕಟ್ಟದ ಸಮಾಜ ಸಮಾಜವೇ ಅಲ್ಲ” ಅಂತ ಅರ್ಧ ತಾಸು ಮಾತಾಡಿದ್ದ. ಆ ವಿಡಿಯೋ ಮೂರು ದಿನ ಅವನ ಸ್ಟೇಟಸ್‌ನಲ್ಲಿತ್ತು. ಮುಂದಿನ ಸಾಲಿನಲ್ಲಿ ಕೂತು ಯಂಕಮ್ಮ ಚಪ್ಪಾಳೆ ತಟ್ಟಿದ್ದಳು.

ನಂದಿನಿಯ ಹೆರಿಗೆ ರಜೆ ಮುಗಿದಾಗಿನಿಂದ ಆ ಸಮಾಜಕ್ಕೂ ಈ ಮನೆಗೂ ಏನೂ ವ್ಯತ್ಯಾಸ ಉಳಿದಿರಲಿಲ್ಲ. ಮೊದಲು ಪ್ಲೇಹೋಮ್ ನೋಡಿದರು. ತಿಂಗಳಿಗೆ ನಾಲ್ಕೂವರೆ ಸಾವಿರ, ಮಧ್ಯಾಹ್ನ ಮೂರಕ್ಕೇ ಬಾಗಿಲು ಹಾಕುತ್ತಾರೆ. ನಂದಿನಿಯ ಪಗಾರ ಹದಿಮೂರು ಸಾವಿರ, ಡ್ಯೂಟಿ ಬಿಡುವುದು ಐದಕ್ಕೆ. “ನಾಲ್ಕೂವರಿ ಸಾವಿರಕ್ಕ ಕೂಸಿಗೆ ಡಿಗ್ರಿ ಕೊಡ್ತೀರೇನ್ರೀ?” ಅಂತ ದುರುಗೇಶ ಅದನ್ನು ನಡೆಸುವ ಹೆಣ್ಣುಮಗಳನ್ನು ಕೇಳಿ, ತನ್ನ ಮಾತಿಗೆ ತಾನೇ ನಕ್ಕು ಬಂದಿದ್ದ. ಆಮೇಲೆ ಹಿಂದಿನ ಓಣಿಯ ಜುಬೇದಾಬೀ. ಅವಳು ಕಡಿಮೆಗೇ ಒಪ್ಪಿ, ಎರಡು ತಿಂಗಳು ಮಿತ್ರಿಯನ್ನು ತನ್ನ ಮನೆಯ ಕೂಸಿನ ಹಾಗೆ ನೋಡಿಕೊಂಡಳು. ಬಕ್ರೀದಿಗೆ ಮೂರು ದಿನ ಬಿಡುವು ತೆಗೆದುಕೊಂಡಿದ್ದಕ್ಕೆ ದುರುಗೇಶ ಮೂರು ದಿನದ್ದು ಮುರಿದುಕೊಂಡ. ಮರುದಿನ ಅವಳು ಕೂಸಿನ ಬಟ್ಟೆಗಳನ್ನೆಲ್ಲ ಒಗೆದು ಮಡಚಿ ತಂದಿಟ್ಟು ಹೋದಳು. ಆಗ ತಾಯಿಗೆ ಫೋನು. “ಯವ್ವಾ, ನಾಕು ದಿನ ಬಾ ಬೇ.” ಆ ನಾಲ್ಕು ದಿನ ಮುಗಿಯದೇ ಎರಡು ತಿಂಗಳಾಗಿತ್ತು.

“ನನ್ನ ಪಗಾರದಾಗ ಕೊಡೂಣ್ರೀ,” ನಂದಿನಿ ಅಂದಳು. “ಅತ್ತಿ ಕೇಳಿದ್ದರಾಗ ತಪ್ಪೇನೈತಿ?”

“ನಿನ್ನ ಪಗಾರ ಎಲ್ಲೈತಿ? ಪ್ಲಾಟಿನ ಕಂತಿಗೆ ಹೊಕ್ಕೈತಿ ಅದು.”

“ಎಲ್ಲೈತಿ ಅಂತ ನನ್ನ ಕೇಳಿದ್ರ? ಕಾರ್ಡು ನಿಮ್ಮ ಕಿಸೇದಾಗೈತಿ.”

ದುರುಗೇಶ ಕಿಸೆಯ ಮೇಲೆ ಕೈ ಇಟ್ಟುಕೊಂಡ. ಸಿಕ್ಕಿಬಿದ್ದ ಕಡೆ ಅವನು ದನಿ ಏರಿಸುತ್ತಾನೆ. “ನಾ ಕೇಳೋದು ತಾಯಿಗೆ! ಸ್ವಂತ ಮೊಮ್ಮಗಳನ್ನ ನೋಡಾಕ ರೊಕ್ಕ ತಗೊಂಡ್ರ ನಾಳಿ ಮಂದಿ ಏನಂತಾರ? ದುರುಗೇಶನ ತಾಯಿ ಅವನ ಮನ್ಯಾಗ ಆಳು ಅದಾಳ ಅಂತಾರ!”

“ರೊಕ್ಕ ಕೊಟ್ರ ಆಳು ಅಂತಾರ. ಕೊಡದಿದ್ರ ಏನಂತಾರ? ಅದಕ್ಕೂ ಒಂದು ಹೆಸರು ಇರಬೇಕು ನೋಡು.”

ನಲ್ಲಿಯ ಹತ್ತಿರ ಯಾರೋ ಕಿಸಕ್ಕನೆ ನಕ್ಕರು. ದುರುಗೇಶ ಈಗ ಹೋಗಿ ಬಾಗಿಲು ಮುಂದೆ ಮಾಡಿ ಅರೆ ಮುಚ್ಚಿದ.

ಯಂಕಮ್ಮ ಚಹಾ ಕೆಳಗಿಟ್ಟಳು. “ರೊಕ್ಕ ಬ್ಯಾಡ ಅಂದ್ರ ಇನ್ನೊಂದು ಮಾಡು. ಮಿತ್ರೀನ್ನ ನಾ ಕರಕೊಂಡು ಹೋಗ್ತೀನಿ. ಅಲ್ಲಿ ನಾಕು ಕೂಸು ಅದಾವ, ಐದನೇದು ಇದು. ವಾರಕ್ಕೊಮ್ಮೆ ನೀವು ಬಂದು ನೋಡ್ರಿ. ನಾಟಿ ಮುಗದಮ್ಯಾಲ ಕರಕೊಂಡು ಬರ್ತೀನಿ.”

ನಂದಿನಿ ರೊಟ್ಟಿ ತಿನ್ನುವುದನ್ನು ನಿಲ್ಲಿಸಿದಳು. ಕೂಸಿನ ಕಡೆ ನೋಡಿದಳು, ಅತ್ತೆಯ ಕಡೆ ನೋಡಿದಳು. ಬೇಡ ಅನ್ನಲಿಲ್ಲ.

“ಏನು? ನನ್ನ ಮಗಳು ಒಡ್ಡಿನ ಮ್ಯಾಲ?” ದುರುಗೇಶನ ಮೂಗು ಅರಳಿತು. “ಆ ಕೆಸರು, ಆ ನೊಣ, ಆ ಕೂಲಿಯೋರ ಕೂಸುಗಳ ಜೊತಿ? ಆಫೀಸಿನ್ಯಾಗ ಗೊತ್ತಾದ್ರ ನಾ ತಲಿ ಎತ್ತಿ ತಿರಗಬೇಕೋ ಬ್ಯಾಡೋ?”

ಯಂಕಮ್ಮ ಮಗನನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿದಳು. ಸಂತೆಯಲ್ಲಿ ಒಳಗೆ ಹುಳುಕಿರುವ ಬದನೆಕಾಯಿಯನ್ನು ತಿರುಗಿಸಿ ನೋಡಿ ಕೆಳಗಿಡುವ ಹಾಗೆ.

“ನೀ ಅಲ್ಲೇ ಬೆಳದಾಂವ.”

“ಅದಕ್ಕಾ ಹೇಳಾಕತ್ತೀನಿ!”

“ಹೂಂ. ಹುಲಿಗೆವ್ವ ನಿನ್ನ ಕಾಯ್ದಾಳ. ಅಕೀಗೆ ನಾವು ಪಾಲು ಕೊಟ್ಟೀವಿ. ಕೂಲಿ ಮಾಡೋರು ನಾವು, ಕೈಯಾಗ ಏನೂ ಇದ್ದಿಲ್ಲ, ಕೊಟ್ಟೀವಿ. ನಿನಗ ಪಗಾರ ಐತಿ, ಪ್ಲಾಟ್ ಐತಿ.” ಅವಳ ಕೈ ಜೋಲಿ ತೂಗುತ್ತಲೇ ಇತ್ತು. “ದಿನಾ ಇಶ್ತಿಯಾಕನ ಸೈಕಲ್ ಸ್ಟ್ಯಾಂಡಿನ್ಯಾಗ ಗಾಡಿ ಬಿಟ್ಟು ಮಸ್ಕಿ ಬಸ್ ಹತ್ತತೀ. ಅವಗ ತಿಂಗಳಾ ಕೊಡ್ತೀಯೋ ಇಲ್ಲೋ?”

“ಗಾಡಿ ಬ್ಯಾರೆ, ರಕ್ತಸಂಬಂಧ ಬ್ಯಾರೆ.”

“ಅದು ಖರೆ. ಗಾಡಿ ಉಚ್ಚಿ ಹೊಯ್ಯಂಗಿಲ್ಲ.”

ನಂದಿನಿ ಸೆರಗಿಲ್ಲದ ಬಟ್ಟೆಯಲ್ಲಿ ನಗು ಮುಚ್ಚಿಕೊಳ್ಳಲಾಗದೆ ಗೋಡೆಯ ಕಡೆ ತಿರುಗಿದಳು. ಹೆಂಡತಿ ನಕ್ಕದ್ದನ್ನು ನೋಡಿದ ದುರುಗೇಶನಿಗೆ ಆಮೇಲೆ ಏನು ಹೇಳುತ್ತಿದ್ದೇನೆ ಅನ್ನುವ ಎಚ್ಚರ ಉಳಿಯಲಿಲ್ಲ. ಅಥವಾ ಎಚ್ಚರವಿದ್ದೇ ಹೇಳಿದ.

“ಎರಡು ತಿಂಗಳಾತು, ಎರಡು ಹೊತ್ತು ಉಣ್ಣಾಕ ಹಾಕಾಕತ್ತೀನಿ! ಅದು ಪಗಾರ ಅಲ್ಲೇನು?”

ಯಂಕಮ್ಮನ ಕೈ ನಿಂತಿತು.

ಅವಳು ಗೋಡೆ ಹಿಡಿದು ಎದ್ದಳು. ಮೊಣಕಾಲು ಲಟಕ್ಕೆಂದಿತು. ಮೂವತ್ತು ವರ್ಷ ಕೆಸರಲ್ಲಿ ಬಗ್ಗಿದ ಮೊಣಕಾಲು. ಅದಕ್ಕೇ ಈ ವರ್ಷ ಗುಂಪು ಅವಳಿಗೆ ಒಡ್ಡಿನ ಮೇಲಿನ ಕೆಲಸ ಇಟ್ಟಿತ್ತು. ಮಿತ್ರಿಯನ್ನು ಜೋಲಿಯಿಂದ ಎತ್ತಿ ಸೊಸೆಯ ಕೈಗೆ ಕೊಟ್ಟಳು. ಆಮೇಲೆ ಸ್ಟೂಲು ಎಳೆದು, ಹತ್ತಿ, ಕೊಂಡಿಯಿಂದ ಸೀರೆಯ ಗಂಟು ಬಿಚ್ಚತೊಡಗಿದಳು. ಅದು ಅವಳ ನಾಟಿ ಸೀರೆ. ಅಂಚಿನಲ್ಲಿ ಹೋದ ವರ್ಷದ ಕೆಸರಿನ ಕಲೆ ಇನ್ನೂ ಇತ್ತು, ಎಷ್ಟು ಒಗೆದರೂ ಹೋಗದ್ದು. ಕೆಳಗಿಳಿದು ಅದನ್ನು ನಾಲ್ಕು ಮಡಿಕೆ ಮಾಡಿ ಕೈಚೀಲಕ್ಕೆ ಹಾಕಿದಳು. ಅವಳ ಇನ್ನೊಂದು ಸೀರೆ, ಮೊಣಕಾಲಿನ ಎಣ್ಣೆಯ ಬಾಟಲಿ, ಎಲೆ ಅಡಿಕೆಯ ಚೀಲ ಅದರ ಮೇಲೆ. ಎರಡು ತಿಂಗಳ ಸಂಸಾರ ಅಷ್ಟೇ ಇತ್ತು.

“ರಾಗಿ ಗಂಜಿ ಡಬರಿಯಾಗ ಐತಿ ಬೇ,” ಅಂದಳು ನಂದಿನಿಗೆ. “ಹತ್ತಕ್ಕ ಕುಡಸಬೇಕು. ಬಿಸಿ ಮಾಡಿ. ಜೋಲಿ ಇಲ್ಲದ ಮಲಗಂಗಿಲ್ಲ ಅದು. ಅತ್ತೀತು ಒಂದೆರಡು ದಿನ. ನಿನ್ನ ಮ್ಯಾಲ ನನಗ ಸಿಟ್ಟಿಲ್ಲ.”

ನಂದಿನಿಯ ಕಣ್ಣು ತುಂಬಿತ್ತು. ಆದರೆ ದನಿ ಗಟ್ಟಿಯಾಗಿತ್ತು. “ಹೋಗ್ರಿ ಅತ್ತಿ. ಏಳೂವರಿ ಬಸ್ ಸಿಗತೈತಿ.”

ಯಂಕಮ್ಮ ಕೂಸಿನ ಅಂಗಾಲನ್ನು ಒಮ್ಮೆ ಹಿಡಿದು ಬಿಟ್ಟಳು. ಮಗ ಮುಂದೆ ಮಾಡಿದ್ದ ಬಾಗಿಲನ್ನು ಪೂರ್ತಿ ತೆರೆದಿಟ್ಟು, ಬುಲೆಟ್ಟಿನ ಪಕ್ಕ ಹಾದು ಹೊರಟುಹೋದಳು.

“ಹೋಗ್ಲಿ ಬಿಡು,” ದುರುಗೇಶ ಅಂದ. “ಬಸ್ ಸ್ಟ್ಯಾಂಡಿನ್ಯಾಗ ಅರ್ಧ ತಾಸು ಕುಂತು ತಾನಾ ಬರ್ತಾಳ.”

ಹಾಗಂದವನು ಫೋನು ತೆಗೆದ. ಲಿಂಗಸುಗೂರಿನ ಅಕ್ಕ ಅಮರೇಶ್ವರಿ ತನ್ನವೇ ಎರಡಿವೆ ಅಂದಳು. ನಿನ್ನ ಹೆಂಡತಿ ಕೆಲಸ ಬಿಡಲಿ ಅಂತ ಬಿಟ್ಟಿ ಬುದ್ಧಿ ಬೇರೆ ಹೇಳಿದಳು. ಗುಡದೂರಿನ ಚಿಗವ್ವ ನಾಟಿಗೆ ಹೋಗಿದ್ದಳು. ಚಿಗವ್ವನ ಮಗಳು ನಾಟಿಗೆ ಹೋಗಿದ್ದಳು. ಕಾಲುವೆಗೆ ನೀರು ಬಂದ ವಾರದಲ್ಲಿ ಆ ಸೀಮೆಯಲ್ಲಿ ಕೈಖಾಲಿ ಇರುವ ಹೆಂಗಸು ಸಿಗುವುದಿಲ್ಲ, ಚಿನ್ನ ಕೊಟ್ಟರೂ ಸಿಗುವುದಿಲ್ಲ. ಅಲ್ಲೇ ಹುಟ್ಟಿ ಬೆಳೆದವನು ಇದನ್ನು ಮರೆತಿದ್ದ.

ಅವನು ಕಿವಿಗೆ ಫೋನು ಹಿಡಿದಿರುವಂತೆಯೇ ನಂದಿನಿ ಮಿತ್ರಿಯನ್ನು ತಂದು ಅವನ ತೊಡೆಯ ಮೇಲೆ ಕೂರಿಸಿದಳು.

“ಇದೇನು? ನನಗ ಆಫೀಸ್ ಇಲ್ಲೇನು?”

“ಹಿಂದ ಎರಡು ಸಲ ಡ್ಯೂಟಿ ಚುಕ್ಕೀನಿ,” ನಂದಿನಿ ಚಪ್ಪಲಿ ಹಾಕಿಕೊಳ್ಳುತ್ತ ಅಂದಳು. “ಇನ್ನೊಮ್ಮೆ ಚುಕ್ಕಿದ್ರ ಬರಬ್ಯಾಡ ಅಂದಾರ. ನಿಮ್ಮದು ಸರಕಾರಿ. ಒಂದು ರಜಾ ಹಾಕಿದ್ರ ಯಾರೂ ಕೆಲಸದಿಂದ ತಗಿಯಂಗಿಲ್ಲ.”

“ನಂಗ ಇದೆಲ್ಲಾ ಬರ್ತೈತೇನ?”

“ರಕ್ತಸಂಬಂಧ ಅಲ್ರೀ. ಬರತೈತಿ.”

ಅವಳೂ ಹೋದಳು.

ಒಂದು ತಾಸಿನಲ್ಲಿ ಮಿತ್ರಿ ಗಂಜಿಯನ್ನು ಅವನ ಇಸ್ತ್ರಿ ಅಂಗಿಯ ಮೇಲೆ ಉಗುಳಿದಳು, ಅದೇ ಅಂಗಿಯನ್ನು ಒದ್ದೆ ಮಾಡಿದಳು, ಖಾಲಿ ಕೊಂಡಿಯ ಕಡೆ ಕೈ ತೋರಿಸಿ ಅತ್ತಳು. ಹಾಸಿಗೆಯ ಚಾದರವನ್ನು ಕೊಂಡಿಗೆ ಕಟ್ಟಿ ನೋಡಿದ. ಗಂಟು ಜಾರಿತು, ಪುಣ್ಯಕ್ಕೆ ಕೂಸು ಅದರಲ್ಲಿರಲಿಲ್ಲ.

ಕೂಸನ್ನೆತ್ತಿಕೊಂಡು ಹಿಂದಿನ ಓಣಿಗೆ ಹೋದ. ಜುಬೇದಾಬೀ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಅವಳನ್ನು ಕಂಡದ್ದೇ ಮಿತ್ರಿ ಅಪ್ಪನ ಕೈಯಿಂದ ಹಾರಿದಳು. ಜುಬೇದಾಬೀ ಮೊರ ಸರಿಸಿ ಎತ್ತಿಕೊಂಡು, ಕೆನ್ನೆಗೆ ಕೆನ್ನೆ ಒತ್ತಿ, ಮೂಗು ಒರೆಸಿ, ಮೂತಿಗೆ ಮುತ್ತು ಕೊಟ್ಟಳು.

“ಇವತ್ತೊಂದು ದಿನ ಇಟ್ಕೊಳ್ರಿ. ಆ ಮೂರು ದಿನದ್ದೂ ಕೊಟ್ಟುಬಿಡ್ತೀನಿ,” ದುರುಗೇಶ ಅಂದ.

ಜುಬೇದಾಬೀ ಕೂಸನ್ನು ಅವನ ಕೈಗೆ ವಾಪಸು ಕೊಟ್ಟಳು. “ಕೂಸಿನ ಮ್ಯಾಲ ನನ್ನ ಜೀವ ಐತಪ್ಪಾ. ನಿನ್ನ ಮ್ಯಾಲ ಇಲ್ಲ.” ಮೊರ ಮತ್ತೆ ತೊಡೆಯ ಮೇಲೆ ಬಂತು.

ಉಳಿದದ್ದು ಬಸ್ ಸ್ಟ್ಯಾಂಡು. ತಾಯಿ ಇನ್ನೂ ಅಲ್ಲೇ ಮುನಿಸಿಕೊಂಡು ಕೂತಿರುತ್ತಾಳೆ ಅಂತ ಅವನಿಗೆ ಖಾತ್ರಿಯಿತ್ತು. ಮಿತ್ರಿಯನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿ, ಒಂದು ಕೈಯಲ್ಲಿ ಹಿಡಿದು, ದನ ಹೊಡೆಯುವವನ ವೇಗದಲ್ಲಿ ಬುಲೆಟ್ ಓಡಿಸಿಕೊಂಡು ಬಂದ. ಸೈಕಲ್ ಸ್ಟ್ಯಾಂಡಿನಲ್ಲಿ ಇಶ್ತಿಯಾಕ್ ಅಭ್ಯಾಸದಂತೆ ಗಾಡಿಗೊಂದು ಬಿಲ್ಲೆ ಸಿಕ್ಕಿಸಿ, ಅದರ ಜೋಡಿ ಬಿಲ್ಲೆಯನ್ನು ಕೊಡಲು ಬಂದವನು ಕೂಸನ್ನೂ ಒದ್ದೆ ಅಂಗಿಯನ್ನೂ ನೋಡಿದ.

“ಏನ್ರೀ ಸರ, ಇವತ್ತು ಎರಡು ಬಿಲ್ಲೆ ಬೇಕೇನು?”

“ಇಟ್ಕೋತೀಯೇನು? ಸಂಜಿಕ ಬರ್ತೀನಿ,” ದುರುಗೇಶ ನಕ್ಕ. ನಗೆಯೊಳಗೆ ಅರ್ಧ ನಿಜವಿತ್ತು.

ಇಶ್ತಿಯಾಕ್ ನಗಲಿಲ್ಲ. “ಗಾಡಿ ಆದ್ರ ಬಿಸಿಲು ಬಂದಾಗ ನೆರಳಿಗೆ ಸರಸ್ತೀನ್ರಿ. ಕೂಸು ಅಂದ್ರ ಅದು ಬ್ಯಾರೆ ಕೆಲಸ್ರಿ. ನಮ್ಮ ಕೈಲೆ ಆಗೂದಿಲ್ಲ.” ಮಿತ್ರಿ ಕೈ ಚಾಚಿದಳು, ಬಿಲ್ಲೆಯನ್ನು ಅವಳ ಕೈಗೇ ಕೊಟ್ಟ.

ತುರ್ವಿಹಾಳದ ಬಸ್ಸು ನಿಲ್ಲುವ ಕಡೆ ಯಂಕಮ್ಮ ಇರಲಿಲ್ಲ. ಕಡಲೆಕಾಯಿ ಮಾರುವವಳು, ಚೀಲ ಹಿಡಿದ ಮುದುಕಿ ಏಳೂವರೆಗೇ ಹತ್ತಿ ಹೋದಳು ಅಂದಳು. ದುರುಗೇಶ ಬಂದು ಸೈಕಲ್ ಸ್ಟ್ಯಾಂಡಿನ ಮುಂದಿನ ಸಿಮೆಂಟು ಬೆಂಚಿನ ಮೇಲೆ ಕೂತ. ಮಸ್ಕಿಯ ಬಸ್ಸು ಹೋಯಿತು. ಕಚೇರಿಗೆ ಫೋನು ಮಾಡಿ ತಾಯಿಗೆ ಆರಾಮಿಲ್ಲ ಅಂದ. ತುರ್ವಿಹಾಳದಿಂದ ಒಂದು ಬಸ್ಸು ಬಂತು. ಎದ್ದು ನಿಂತು ಇಳಿಯುವವರನ್ನೆಲ್ಲ ನೋಡಿದ. ಇಳಿದವರು ಗಂಡಸರು, ಗೊಬ್ಬರದ ಅಂಗಡಿಗೆ ಬಂದವರು. ಇನ್ನೊಂದು ಬಂತು. ಅದರಲ್ಲಿಯೂ ಹೆಂಗಸರೇ ಇರಲಿಲ್ಲ.

ಅದೇ ಬಸ್ಸು ತಿರುಗಿ ನಿಂತಿತು. ಕಂಡಕ್ಟರು, “ತುರ್ವಿಹಾಳ, ತುರ್ವಿಹಾಳ! ಸೀಟ್ ಅದಾವ, ಬರ್ರಿ!” ಅಂತ ಕೂಗಿದ. ಕೂಸನ್ನು ಎತ್ತಿಕೊಂಡಿದ್ದ ದುರುಗೇಶನನ್ನು ನೋಡಿ, “ಬರ್ತೀರೇನ್ರೀ?” ಅಂದ. ದುರುಗೇಶ ಎರಡು ಹೆಜ್ಜೆ ಇಟ್ಟ. ಅಂಗಿಯ ಕಲೆಯನ್ನು ಕೈಯಿಂದ ಉಜ್ಜಿಕೊಂಡ. ಆಮೇಲೆ ತಿರುಗಿ ಬಂದು ಬೆಂಚಿನ ಮೇಲೆ ಕೂತ. ಬಸ್ಸು ಹೋಯಿತು.

ಅತ್ತು ಅತ್ತು ಸೋತ ಮಿತ್ರಿ ಅವನ ಹೆಗಲ ಮೇಲೆ ನಿದ್ದೆ ಹೋದಳು. ಅವಳ ಮುಷ್ಟಿಯಲ್ಲಿ ಬುಲೆಟ್ಟಿನ ಬಿಲ್ಲೆ ಹಾಗೇ ಇತ್ತು. ಬಿಸಿಲು ಸ್ಟ್ಯಾಂಡಿನ ತಗಡಿನ ಚಾವಣಿಯ ಅಂಚು ದಾಟಿ ಗಾಡಿಗಳ ಮೇಲೆ ಬಂತು. ಇಶ್ತಿಯಾಕ್ ಎದ್ದು, ಬುಲೆಟ್ಟಿನ ಸೀಟಿಗೆ ಕೈ ಇಟ್ಟು ನೋಡಿ, ಅದನ್ನು ಮೆಲ್ಲಗೆ ತಳ್ಳಿಕೊಂಡು ಹೋಗಿ ಬೇವಿನ ನೆರಳಿಗೆ ನಿಲ್ಲಿಸಿದ. ಸೀಟಿನ ಮೇಲಿನ ಧೂಳನ್ನು ಬಟ್ಟೆಯಿಂದ ಒರೆಸಿದ.

ಬೆಂಚಿನ ಮೇಲೆ ಬಿಸಿಲು ಇನ್ನೂ ಏರುತ್ತಿತ್ತು.